ಲಾಳದ ಚಪ್ಪಲಿ

ನಮ್ಮೂರಲ್ಲಿ ಯಾರದಾದರೂ ಹೆಜ್ಜೆ ಸಪ್ಪಳ ನಿಂತುಹೋದರೆ ಅದು ಮೊದಲು ಗೊತ್ತಾಗುವುದು ಮನೆಯವರಿಗಲ್ಲ, ಜೊತೆಯಲ್ಲಿ ಕೆಲಸ ಮಾಡುವವರಿಗೆ. ಮನೆಗಳಲ್ಲಿ ಸಾರಿಸಿದ ಮಣ್ಣಿನ ನೆಲ, ಬರಿಗಾಲು. ಊರಿನ ಕೊಡೆ ಕಾರ್ಖಾನೆಯ ಮಹಡಿಗೆ ಹಾಸಿರುವುದು ಹಲಗೆ. ಅದರ ಮೇಲೆ ಬೆಕ್ಕು ನಡೆದರೂ ಕೇಳುತ್ತದೆ. ಅಲ್ಲಿ ಕೆಲಸ ಮಾಡುವ ಇನ್ನೂರು ಚಿಲ್ಲರೆ ಜನ ಬಗ್ಗಿಸಿದ ತಲೆ ಎತ್ತದೆಯೇ ಬರುತ್ತಿರುವವರು ಯಾರೆಂದು ಹೇಳಬಲ್ಲರು. ಅಂಥ ಕಡೆ ಒಂದು ದಿನ ಹೆಗಲ ಮೇಲೆ ಕೈ ಬೀಳುತ್ತದೆ. ಬೆಚ್ಚಿ ತಿರುಗಿದರೆ ಗುರುತಿನವನೇ ನಿಂತಿದ್ದಾನೆ, ಬಂದದ್ದು ಮಾತ್ರ ಕೇಳಿಸಿಲ್ಲ. ಆಗ ನಮ್ಮವರು ಅವನ ಕಾಲು ನೋಡುವುದಿಲ್ಲ, ಮುಖವನ್ನೂ ನೋಡುವುದಿಲ್ಲ. ಕೇಳಿದ ಸಾಮಾನು ಕೊಟ್ಟು ಮತ್ತೆ ಕೆಲಸಕ್ಕೆ ಬಗ್ಗುತ್ತಾರೆ.

ಒಳಗೊಳಗೇ ಬೇಯುತ್ತಿರುವವರಿಗೆ ಹೀಗಾಗುತ್ತದೆ ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಹೆಚ್ಚಿನವರ ಸಪ್ಪಳ ತಿಂಗಳೆರಡು ತಿಂಗಳಲ್ಲಿ ಮರಳಿ ಬರುತ್ತದೆ. ಕೆಲವರದು ಬರುವುದಿಲ್ಲ; ಒಂದು ದಿನ ಅವರೇ ತಮ್ಮ ಬದುಕನ್ನು ಮುಗಿಸಿಕೊಂಡುಬಿಡುತ್ತಾರೆ. ಹಾಗಾದಾಗ ಊರು ಒಂದು ದಿನ ತಗ್ಗಿದ ದನಿಯಲ್ಲಿ ಮಾತಾಡಿ ಮರುದಿನ ಮರೆತಂತೆ ಇರುತ್ತದೆ. ಹಾಗೆಂದು ನಮ್ಮವರು ಕಲ್ಲು ಮನಸ್ಸಿನವರಲ್ಲ. ಸಪ್ಪಳ ಹೋದ ಗಂಡನ ಉಡಿದಾರಕ್ಕೆ ಬೀಗದಕೈ ಗೊಂಚಲು ಕಟ್ಟುವ ಹೆಂಡತಿಯರಿದ್ದಾರೆ. ಎದುರಿಗಿದ್ದವರು ಬೆಚ್ಚದಿರಲೆಂದು ಕೆಮ್ಮುತ್ತ ನಡೆಯುವ ಗಂಡಸರಿದ್ದಾರೆ, ಕೈತುಂಬ ಬಳೆ ಏರಿಸುವ ಹೆಂಗಸರಿದ್ದಾರೆ. ಆದರೆ ಏನಾಯಿತು ಎಂದು ಕೇಳುವುದಿಲ್ಲ. ಹಿರಿಯರ ಮಾತೊಂದಿದೆ: ಹೋದ ಸಪ್ಪಳವನ್ನು ಕೇಳಬೇಡ, ಕೇಳಿದರೆ ಬೇರು ಬಿಡುತ್ತದೆ. ಉಣ್ಣುತ್ತಿರುವವರ ಎಲೆಯನ್ನು ಇಣುಕಿ ನೋಡಿದಷ್ಟೇ ಅಸಹ್ಯ ಅದು.

ನಾನು ಆ ಕಾರ್ಖಾನೆಯ ಕ್ಷೇಮ ವಿಭಾಗದಲ್ಲಿದ್ದೆ. ವಿಭಾಗವೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ, ಒಂದು ಮೇಜು, ಒಂದು ಕಪಾಟು, ನಾನು. ಅಲ್ಲಿ ಬಿ.ಎ. ಓದಿದವನು ನಾನೊಬ್ಬನೇ ಆದ್ದರಿಂದ ಜನ ನನ್ನನ್ನು ಡಿಗ್ರಿ ಸಾಮಿ ಎನ್ನುತ್ತಿದ್ದರು. ಅದರಲ್ಲಿ ಅರ್ಧ ಗೌರವ, ಅರ್ಧ ಕುಚೇಷ್ಟೆ. ನಾನು ಹೆಚ್ಚು ಮಾತಿನವನಲ್ಲ. ಯಾರ ಪಕ್ಕದಲ್ಲಾದರೂ ಗಂಟೆಗಟ್ಟಲೆ ಸುಮ್ಮನೆ ಕೂರಬಲ್ಲೆ. ಮಾತಾಡದೆ ಇರುವುದು ಒಬ್ಬರಿಗೆ ಕೊಡಬಹುದಾದ ದೊಡ್ಡ ಮರ್ಯಾದೆ ಎಂದು ಆಗೆಲ್ಲ ನಂಬಿದ್ದೆ.

ಲಾಳದ ಯೋಚನೆ ನನ್ನದೇ. ನಾನು ಸೇರಿದ ವರ್ಷ, ಸಪ್ಪಳ ಹೋದ ಹೆಂಗಸೊಬ್ಬಳು ಹಿಂದೆ ಬರುತ್ತಿರುವುದು ತಿಳಿಯದೆ, ಕೊಡೆಯ ಕಡ್ಡಿಗಳ ಕಟ್ಟು ತುಂಬಿದ ತಳ್ಳುಗಾಡಿಯವನು ಗಾಡಿಯನ್ನು ಹಿಂದಕ್ಕೆ ಎಳೆದುಬಿಟ್ಟ. ಅವಳ ಪಾದದ ಮೂಳೆ ಮುರಿಯಿತು. ಮ್ಯಾನೇಜರ್ ಪದ್ಮರಾಜಯ್ಯನವರು ಮೃದು ಸ್ವಭಾವದವರು, ರಕ್ತ ಕಂಡರೆ ಆಗದವರು. "ಏನಾದರೂ ಮಾಡಪ್ಪ, ನೀನು ಓದಿದವನು" ಎಂದರು. ಎತ್ತಿಗೆ ಹೊಡೆಯುವ ಹಾಗೆ ಚಪ್ಪಲಿಯ ಹಿಮ್ಮಡಿಗೆ, ಮುಂಗಾಲಿಗೆ ಕಬ್ಬಿಣದ ಲಾಳ ಹೊಡೆಸಿ ಕೊಟ್ಟರೆ ಹೇಗೆ ಎಂದೆ. ಅವರು ಎದ್ದು ಬಂದು ನನ್ನ ಬೆನ್ನು ತಟ್ಟಿದರು. ಅದಕ್ಕೊಂದು ಫಾರಮ್ಮನ್ನೂ ನಾನೇ ಬರೆದೆ. ಹೆಸರು, ವಿಭಾಗ, ಕಾಲಿನ ಅಳತೆ, ಸಪ್ಪಳ ನಿಂತ ದಿನ, ಸಹಿ. ಐದೇ ಕಾಲಮ್ಮು. ಯಾರಿಗೂ ಮುಜುಗರವಾಗದಂತೆ, ಎರಡು ನಿಮಿಷದಲ್ಲಿ ಮುಗಿಯುವಂತೆ. ಕೆಳಗೆ ಒಂದು ಸಾಲನ್ನೂ ಸೇರಿಸಿದ್ದೆ: ಈ ಚಪ್ಪಲಿಗಳನ್ನು ಮನೆಗೂ ಹಾಕಿಕೊಂಡು ಹೋಗಬಹುದು. ಅದು ದೊಡ್ಡ ಮನಸ್ಸಿನ ಸಾಲು ಎಂದುಕೊಂಡಿದ್ದೆ.

ಓಬಳೇಶ ಕೊನೆಯ ತಪಾಸಣೆಯ ಮೇಜಿನವನು. ಹೊಲಿದು ಬಂದ ಪ್ರತಿ ಕೊಡೆಯನ್ನೂ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು, ಒಳಗಿನಿಂದ ಸೂಜಿತೂತು ಹುಡುಕುವುದು ಅವನ ಕೆಲಸ. ಹದಿನೆಂಟು ವರ್ಷದಿಂದ ಅದನ್ನೇ ಮಾಡುತ್ತಿದ್ದ. ತೂತು ಸಿಕ್ಕರೆ ಕೂತಲ್ಲಿಂದಲೇ ಕೂಗುವನು: "ದಾಕ್ಷಾಯಿಣಕ್ಕಾ, ನಿನ್ ಕೊಡೇಲಿ ನಕ್ಷತ್ರ ಕಾಣ್ತಾವೆ ಕಣಕ್ಕಾ!" ದಾಕ್ಷಾಯಿಣಕ್ಕ ಅವನ ಎದುರಿನ ಹೊಲಿಗೆ ಯಂತ್ರದಲ್ಲಿ ಕೂರುವವರು, ಅವನಿಗಿಂತ ಐದಾರು ವರ್ಷ ದೊಡ್ಡವರು. ಯಂತ್ರದ ಮೇಲಿಂದ ಕಣ್ಣು ತೆಗೆಯದೆ, "ಅವು ನಿನ್ ಕಣ್ಣೊಳಗಿನ ನಕ್ಷತ್ರ ಕಣೋ, ಬೆಳಿಗ್ಗೆ ನಿನ್ನ ಹೆಂಡ್ತಿ ಬಾರಿಸ್ದಾಗ ಬಂದಿದ್ದು!" ಎನ್ನುವರು. ಮಹಡಿಗೆ ಮಹಡಿಯೇ ನಗುತ್ತಿತ್ತು.

ಯುಗಾದಿ ಕಳೆದು ಒಂದು ವಾರವಾಗಿರಬೇಕು. ಒಂದು ಗುರುವಾರ ಸಂಜೆ, ಕೆಲಸ ಬಿಡುವ ಗಂಟೆಗೆ ಇನ್ನು ಹತ್ತು ನಿಮಿಷವಿತ್ತು.

"ಡಿಗ್ರಿ ಸಾಮಿ, ನಂಗೂ ಒಂದ್ ಜೊತೆ ಲಾಳ."

ಬೆಚ್ಚಿ ತಲೆ ಎತ್ತಿದೆ. ಮೇಜಿನ ಮುಂದೆಯೇ ಓಬಳೇಶ ನಿಂತಿದ್ದ. ಮೆಟ್ಟಿಲು ಇಳಿದದ್ದೂ ಕೇಳಿಸಿರಲಿಲ್ಲ.

"ನಿಮಗಾ?" ಎಂದೆ.

"ಯಾಕೆ, ನಮ್ಮಂಥ ಮುದಿ ಎತ್ತಿಗೆ ಹೊಡೆಯಲ್ವಾ?" ಎಂದು ನಕ್ಕ. ನಾನೂ ನಕ್ಕು ಫಾರಮ್ಮು ತೆಗೆದೆ. ಅವನು ಸ್ಟೂಲೆಳೆದುಕೊಂಡು ಕೂತ. ಹೆಸರು, ವಿಭಾಗ ಬರೆದೆ. ಕಾಲಳತೆ ಒಂಬತ್ತು ಎಂದ.

"ಯಾವತ್ತಿಂದ?"

"ಯುಗಾದಿ ದಿವ್ಸದಿಂದ ಪೂರ್ತಿ ನಿಂತೋಯ್ತು. ಅದಕ್ಕೂ ಮುಂಚೆ ಅರ್ಧಂಬರ್ಧ. ಒಂದ್ ಕಾಲಿಂದು ಕೇಳೋದು, ಇನ್ನೊಂದ್ರದ್ದಿಲ್ಲ. ಕುಂಟನ ಥರ. ನಂಗೇ ನಗು ಬರ್ತಿತ್ತು."

"ಯುಗಾದಿ ಅಂತಲೇ ಬರೀತೀನಿ" ಎಂದು ಬರೆದು ಕಾಗದ ತಿರುಗಿಸಿ ಕೊಟ್ಟೆ. ಸಹಿ ಮಾಡಿದ. ಮಾಡಿಯೂ ಏಳಲಿಲ್ಲ. ಫಾರಮ್ಮನ್ನು ಮೇಲಿಂದ ಕೆಳಗೆ ಓದಿದ, ಹಿಂದೆ ತಿರುಗಿಸಿ ನೋಡಿದ. ಹಿಂದೆ ಖಾಲಿ.

"ಇಷ್ಟೇನಾ ಸಾಮಿ? ಇನ್ನೇನೂ ಬರ್ಕಳ್ಳೋದಿಲ್ವಾ?"

"ಇಷ್ಟೇ. ಸೋಮವಾರ ಬಂದು ತಗೊಂಡ್ಹೋಗಿ."

"ಹ್ಞೂಂ" ಎಂದ. ಕಾಗದವನ್ನು ಮೇಜಿನ ಮೇಲಿಟ್ಟು, "ಚೆನ್ನಾಗ್ ಮಾಡಿದ್ದೀರ ಫಾರಮ್ಮು. ಚಿಕ್ಕದಾಗೈತೆ" ಎಂದ. ಎದ್ದು ಹೋದ.

ಅವನು ಏನು ಕೇಳುತ್ತಿದ್ದಾನೆಂದು ನನಗೆ ತಿಳಿಯಲಿಲ್ಲ ಎಂದು ಹೇಳಿಬಿಟ್ಟರೆ ಈ ಕಥೆ ಸುಲಭ. ತಿಳಿಯಿತು. ಅವನ ಕಣ್ಣು ಫಾರಮ್ಮಿನಿಂದ ಎದ್ದು ನನ್ನ ಮುಖದ ಮೇಲೆ ಒಂದು ಕ್ಷಣ ನಿಂತದ್ದೂ, ನಾನು ಪೆನ್ನಿನ ಮುಚ್ಚಳ ಹುಡುಕುವ ನೆಪದಲ್ಲಿ ಬಗ್ಗಿದ್ದೂ ನೆನಪಿದೆ. ಹಿರಿಯರ ಮಾತಿಗೆ ಹೆದರಿದೆ ಎನ್ನಲೂ ಆಗದು. ಕಾಲೇಜಿನಲ್ಲಿ ಅಂಥ ಮಾತುಗಳನ್ನು ಆಡಿಕೊಂಡು ನಕ್ಕವನು ನಾನು. ನಾನು ಹೆದರಿದ್ದು ಅವನ ಉತ್ತರಕ್ಕೆ. ಕೇಳಿ, ಅವನು ಹೇಳಿಬಿಟ್ಟರೆ, ಆಮೇಲೆ ನಾನು ಏನು ಮಾಡಬೇಕು? ಅದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಎದುರಿಗೆ ಬರದಿರಲಿ ಎಂದು ಹಿರಿಯರ ಮಾತಿನ ಹಿಂದೆ ಅಡಗಿ ಕೂತೆ.

ಸೋಮವಾರ ಲಾಳದ ಚಪ್ಪಲಿ ಹಾಕಿಕೊಂಡು ಅವನು ಮಹಡಿ ಹತ್ತಿದಾಗ ಕಡ್ಡಿ ವಿಭಾಗದವರು, "ದಾರಿ ಬಿಡ್ರಪ್ಪೋ, ಜಟಕಾ ಬಂತು!" ಎಂದು ಕೂಗಿದರು. ಅವನು ಕುದುರೆಯ ಹಾಗೆ ಕೆನೆದು ತೋರಿಸಿದನಂತೆ. ನಗು ನನ್ನ ಕೋಣೆಗೂ ಕೇಳಿಸಿತು. ಅಂದಿನಿಂದ ದಿನವಿಡೀ ನನ್ನ ತಲೆಯ ಮೇಲಿನ ಹಲಗೆಯಲ್ಲಿ ಅವನ ಟಕ್ ಟಕ್ ಕೇಳುತ್ತಿತ್ತು. ಕೇಳಿದಾಗೆಲ್ಲ, ಒಂದು ಕೆಲಸ ಸರಿಯಾಗಿ ಮಾಡಿದ್ದೇನೆ ಎಂಬ ಸಮಾಧಾನವಾಗುತ್ತಿತ್ತು. ಸುಳ್ಳೇಕೆ, ಒಂದು ವಾರದಲ್ಲಿ ಅವನ ನಿಜವಾದ ಸಪ್ಪಳ ನಿಂತಿದೆ ಎಂಬುದೇ ನನಗೆ ಮರೆತುಹೋಯಿತು.

ಮೇ ತಿಂಗಳಲ್ಲಿ ಹೊರ ಊರಿನ ಅಂಗಡಿಗಳಿಂದ ಕೊಡೆಗಳು ಹಿಂದಕ್ಕೆ ಬರತೊಡಗಿದವು. ಬಟ್ಟೆ ತುಂಬ ಸೂಜಿತೂತು. ಎಲ್ಲದರ ಹಿಡಿಯ ಮೇಲೂ ಓಬಳೇಶನ ತಪಾಸಣೆಯ ಗುರುತಿತ್ತು. ಪದ್ಮರಾಜಯ್ಯನವರಿಗೆ ನೋವಾಯಿತು. "ಹದಿನೆಂಟು ವರ್ಷದಲ್ಲಿ ಹೀಗಾಗಿಲ್ಲ. ಒಂದು ನೋಟೀಸು ಕೊಡಪ್ಪ, ಮೆತ್ತಗೆ ಬರಿ" ಎಂದರು. ಮೆತ್ತಗೆ ಬರೆದೆ. ಕೆಲಸದಲ್ಲಿ ಗಮನ ಕಡಿಮೆಯಾಗಿರುವುದು ಕಂಡುಬಂದಿದ್ದು, ಮೂರು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು. ಅದನ್ನು ಅವನ ಮೇಜಿನ ಮೇಲಿಟ್ಟು ಬಂದವನೂ ನಾನೇ.

ಆ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ದಾಕ್ಷಾಯಿಣಕ್ಕ ನನ್ನ ಕೋಣೆಗೆ ಬಂದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಸಾಮಿ, ಅವನು ಕೊಡೆ ನೋಡ್ತಾನೇ ಇಲ್ಲ. ಬಿಚ್ಚಿ ಮುಖಕ್ಕೆ ಅಡ್ಡ ಹಿಡ್ಕೊಂಡು ಅದರ ಹಿಂದೆ ಸುಮ್ನೆ ಕೂತಿರ್ತಾನೆ. ಒಂದೊಂದ್ ಸಲ ಹೊತ್ತುಗಟ್ಲೆ. ನಂಗೆ ಬರೀ ಕಪ್ಪು ಬಟ್ಟೆ ಕಾಣುತ್ತೆ, ಅವನು ಕಾಣಲ್ಲ."

"ನೋಟೀಸು ಕೊಟ್ಟಿದೀವಲ್ಲಮ್ಮ, ಸರಿಹೋಗ್ತಾರೆ."

"ನೋಟೀಸಿಂದ ಸರಿಹೋಗೋ ಸಂಗ್ತಿನಾ ಇದು?" ಎಂದು ಅವರು ಸೆರಗಿನ ಗಂಟು ಬಿಚ್ಚಿ ಒಂದು ಭೂತಗನ್ನಡಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಓಬಳೇಶ ತೂತು ಹುಡುಕುತ್ತಿದ್ದ ಕನ್ನಡಿ, ಅವನಪ್ಪನ ಕಾಲದ್ದು, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. "ನಿನ್ನೆ ನಂಗೆ ಕೊಟ್ಟ. 'ಅಕ್ಕಾ, ನಿಂಗೆ ಕಣ್ಣು ಮಂಜಾಗ್ತೈತೆ, ಇಟ್ಕ, ನಂಗಿನ್ನು ಬೇಕಾಗಲ್ಲ' ಅಂದ. ಯಾಕೋ ಬೇಕಾಗಲ್ಲ ಅಂದ್ರೆ ನಗ್ತಾನೆ. ನೀವು ಓದ್ದೋರು. ಒಂದ್ ಮಾತು ಕೇಳಿ ಸಾಮಿ."

"ಕೇಳಬಾರದು ಅಂತಾರಲ್ಲಮ್ಮ."

ನನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ಅವರಿಗಿಂತ ಹೆಚ್ಚು ನನಗೇ ಆಶ್ಚರ್ಯವಾಯಿತು. ಅವರು ನನ್ನನ್ನು ನೋಡಿದರು. "ನಾವು ಅಂತೀವಿ, ನಮಗೆ ಬುದ್ಧಿಯಿಲ್ಲ. ನೀವೂ ಅಂತೀರಾ?" ಎಂದು ಕನ್ನಡಿ ಎತ್ತಿಕೊಂಡು ಹೊರಟರು. ಬಾಗಿಲ ಬಳಿ ಹೋದವರಿಗೆ, "ಲಾಳ ಕೊಟ್ಟಿದೀನಲ್ಲ" ಎಂದೆ.

ಶನಿವಾರ ಓಬಳೇಶನೇ ಬಂದ. ಈ ಸಲ ದೂರದಿಂದಲೇ ಕೇಳಿಸಿತು, ಮೆಟ್ಟಿಲ ಮೇಲೆ ಒಂದೊಂದೇ ಟಕ್ಕು. ಬಾಗಿಲಲ್ಲಿ ನಿಂತ. ಕೈಯಲ್ಲಿ ನೋಟೀಸಿತ್ತು, ಅದರ ಹಿಂಬದಿಯಲ್ಲಿ ಏನೋ ನಾಲ್ಕು ಸಾಲು ಬರೆದಂತಿತ್ತು. ನಾನು ತಿಂಗಳ ವರದಿ ಮುಗಿಸುವ ಅವಸರದಲ್ಲಿದ್ದೆ.

"ಸಾಮಿ, ಐದ್ ನಿಮಿಷ ಇದೆಯಾ?"

"ಸೋಮವಾರ ಬನ್ನಿ ಓಬಳೇಶಣ್ಣ, ಕೂತು ಮಾತಾಡೋಣ. ಅರ್ಜೆಂಟೇನಿಲ್ಲ ನೋಟೀಸಿಂದು."

"ಸೋಮವಾರ" ಎಂದ, ಆ ಪದವನ್ನು ಎಲ್ಲೋ ಕೇಳಿದ್ದೇನೆ, ಎಲ್ಲೆಂದು ನೆನಪಾಗುತ್ತಿಲ್ಲ ಎನ್ನುವವನ ಹಾಗೆ. "ಆಯ್ತು ಬಿಡಿ ಸಾಮಿ."

ಟಕ್ಕು ಮೆಟ್ಟಿಲು ಹತ್ತಿ ಹೋಯಿತು. ಭಾನುವಾರ ಅವನು ಹೋಗಿಬಿಟ್ಟ. ತಾನಾಗಿ ಹೋದ. ಅದಕ್ಕಿಂತ ಹೆಚ್ಚಿಗೆ ನಾನಿಲ್ಲಿ ಹೇಳುವುದಿಲ್ಲ.

ಸೋಮವಾರ ಕಾರ್ಖಾನೆ ಅರ್ಧ ದಿನ ಮುಚ್ಚಿತು. ಯಾಕೆಂದು ಯಾರೂ ಘೋಷಿಸಲಿಲ್ಲ, ಯಾರೂ ಕೇಳಲೂ ಇಲ್ಲ. ಬುಧವಾರ ತಪಾಸಣೆಯ ಮೇಜಿಗೆ ಕಡ್ಡಿ ವಿಭಾಗದಿಂದ ಇನ್ನೊಬ್ಬ ಬಂದು ಕೂತ. ಅವನು ತೂತು ಕಂಡರೆ ಕೂಗುತ್ತಿರಲಿಲ್ಲ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಬದಿಗಿಡುತ್ತಿದ್ದ. ಓಬಳೇಶನ ಹೆಸರು ಮಹಡಿಯಲ್ಲಿ ಯಾರ ಬಾಯಲ್ಲೂ ಬರದಾಯಿತು. ಮಾತಿನ ಮಧ್ಯೆ ಅವನ ಹೆಸರಿನ ಜಾಗ ಬಂದರೆ ಜನ ಗುಂಡಿ ದಾಟುವ ಹಾಗೆ ದಾಟಿ ಮುಂದಕ್ಕೆ ಹೋಗುತ್ತಿದ್ದರು.

ಹದಿನೈದು ದಿನ ಬಿಟ್ಟು ಅವನ ಹೆಂಡತಿ ಪಾಲಮ್ಮ ಅವನ ಸಾಮಾನು ತೆಗೆದುಕೊಂಡು ಹೋಗಲು ಬಂದರು. ಸಾಮಾನೆಂದರೆ ಒಂದು ಬುತ್ತಿ ಡಬ್ಬಿ, ಒಂದು ಟವಲು, ಹಳೆಯ ರಬ್ಬರ್ ಚಪ್ಪಲಿ. ಅವನ್ನೆಲ್ಲ ಒಂದು ಚೀಲಕ್ಕೆ ಹಾಕಿ ನನ್ನ ಕೋಣೆಯಲ್ಲಿಟ್ಟಿದ್ದೆ. ಪಾಲಮ್ಮ ಚಪ್ಪಲಿಯನ್ನು ಹೊರತೆಗೆದು ನೋಡಿದರು.

"ಇದು ಇಲ್ಲೇ ಇತ್ತಾ? ಕಾರ್ಖಾನೇಲಿ ಎಲ್ಲಾರ್ಗೂ ಹೊಸಾದು ಕೊಟ್ರು ಅಂದ್ರು. ಅದು ಮನೇಲೈತೆ."

ನಾನು ತಲೆಯಾಡಿಸಿದೆ.

"ಒಂದ್ ಮಾತು ಹೇಳ್ತೀನಿ ಸಾಮಿ, ತಪ್ ತಿಳ್ಕಬ್ಯಾಡಿ. ನಮ್ ಗಲ್ಲೀಲಿ ಕಲ್ಲು ಹಾಸೈತೆ. ಅವ್ರು ಬರೋದು ತಿರುವಿನಾಗೇ ನಂಗೆ ಕೇಳ್ತಿತ್ತು, ಕೇಳ್ದೇಟಿಗೆ ತಟ್ಟೆ ಹಾಕೋಳು. ಹಬ್ಬ ಆದ್ಮೇಲೆ ಒಂದ್ ಹತ್ತು ದಿನ ಕೇಳಿಸ್ಲೇ ಇಲ್ಲ. ಬಾಗ್ಲು ತೆರೆದ್ರೆ ನಿಂತಿರೋರು. ನನ್ ಎದೆ ಹೊಡ್ಕಂಬಿಡ್ತು. ಕೇಳ್ಬಾರ್ದು ಅಂತಾರೆ, ಗೊತ್ತು. ಆದ್ರೂ ಗಂಡ ಅಲ್ವಾ. ಸೋಮವಾರ ಊಟಕ್ಕಿಕ್ಕಿ ಕೇಳೇಬಿಡಣ ಅಂತ ಗಟ್ಟಿ ಮಾಡ್ಕಂಡಿದ್ದೆ. ಆ ಸೋಮವಾರ ತಿರುವಿನಾಗೆ ಸದ್ದು ಬಂತು. ಮುಂಚಿಗಿಂತ ಜೋರಾಗಿ ಬಂತು. ಏನ್ ಸಂತೋಷ ಆಯ್ತು ಅಂತೀರಿ! ಮಾರನೇ ದಿನ ಹೋಗಿ ಅಮ್ಮನಿಗೆ ಕಾಯಿ ಒಡೆಸ್ದೆ."

ಅವರು ಚೀಲದ ಬಾಯಿ ಕಟ್ಟಿದರು. "ಹೋದ್ ವಾರ ಆ ಹೊಸಾ ಚಪ್ಲಿ ತಿರುಗಿಸಿ ನೋಡ್ದೆ. ಅಡೀಲಿ ಕಬ್ಬಿಣ."

ಅವರು ಬೈಯಲಿಲ್ಲ. ಬೈದಿದ್ದರೆ ನಾನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದೆ, ಎಲ್ಲೋ ಒಂದು ಕಡೆ ಸ್ವಲ್ಪ ಹಗುರವಾಗುತ್ತಿತ್ತು. "ಯಾರ್ ಮಾಡಿದ್ರು ಸಾಮಿ ಇದನ್ನ?" ಎಂದು ಕೇಳಿದರು, ಅಷ್ಟೇ. ನಾನೇ ಎಂದೆ. "ಒಳ್ಳೇದಕ್ಕೇ ಮಾಡಿರ್ತೀರಿ" ಎಂದು ಎದ್ದು ಹೋದರು. ನನ್ನ ಫಾರಮ್ಮಿನ ಕೆಳಗಿನ ಆ ದೊಡ್ಡ ಮನಸ್ಸಿನ ಸಾಲನ್ನು ಅಂದು ಎಷ್ಟು ಸಲ ಓದಿದೆನೋ. ಹೆಂಡತಿಯೊಬ್ಬಳು ಎಲ್ಲ ಧೈರ್ಯ ಒಟ್ಟುಮಾಡಿಕೊಂಡು ಕೇಳಲು ಕೂತಿದ್ದ ದಿನವೇ, ಕೇಳುವ ಅಗತ್ಯವಿಲ್ಲ ಎಂದು ಅವಳಿಗೆ ಸುಳ್ಳು ಹೇಳಿ ಕಳಿಸಿದ್ದೆ ನಾನು.

ಮರುದಿನ ಪದ್ಮರಾಜಯ್ಯನವರ ಬಳಿ ಹೋಗಿ ಲಾಳ ಕೊಡುವುದನ್ನು ನಿಲ್ಲಿಸುತ್ತೇನೆ, ಸಪ್ಪಳ ಹೋದವರನ್ನು ಕೂರಿಸಿ ಕೇಳೋಣ ಎಂದೆ. ಅವರ ಕಣ್ಣಲ್ಲಿ ನೀರಾಡಿತು. ನಿಜವಾಗಿಯೂ ಒಳ್ಳೆಯ ಮನುಷ್ಯ. "ನಿನ್ನ ಸಂಕಟ ಅರ್ಥವಾಗುತ್ತೆ. ಆದ್ರೆ ಕೇಳೋದು ಬೇಡಪ್ಪ. ಒಬ್ಬ ಹೋಗಿದ್ದಾನೆ, ಕೇಳಿ ಕೇಳಿ ಇನ್ನಿಬ್ಬರ ತಲೆಗೆ ಅದನ್ನ ತುಂಬಿಸೋದು ಬೇಡ. ಬೇಕಾದ್ರೆ ಹಿತ್ತಾಳೆ ಲಾಳ ಹೊಡೆಸೋಣ, ಸದ್ದು ಇಂಪಾಗಿರುತ್ತೆ" ಎಂದರು. ನಾನು ಎದ್ದು ಬಂದೆ.

ಸರ್ಕಾರಿ ಆಸ್ಪತ್ರೆಗೆ ಬುಧವಾರ ಬುಧವಾರ ಮನಸ್ಸಿನ ಡಾಕ್ಟರೊಬ್ಬರು ಬರುತ್ತಾರೆಂದು ಗೊತ್ತಿತ್ತು. ಬೇರೆ ಊರಿನ ಹೆಂಗಸು. ಅವರ ಕೋಣೆಯ ಮುಂದಿನ ಬೆಂಚು ಯಾವಾಗಲೂ ಖಾಲಿ. ನಾನು ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿಸಿಕೊಂಡರು.

"ಬೇರು ಬಿಡುತ್ತೆ ಅಂತಾರಾ? ನೋಡಿ, ಬೇರು ಮೊದಲೇ ಇರುತ್ತೆ. ಕೇಳಿದ್ರೆ ಬೇರು ಬಿಡಲ್ಲ, ಎದೆ ಹಗುರಾಗುತ್ತೆ. ಸುತ್ತಿ ಬಳಸಿ ಬೇಡ. ಸಾಯೋ ಯೋಚನೆ ಬರ್ತಿದೆಯಾ ಅಂತಲೇ ಕೇಳಿ."

"ಹೌದು ಅಂದ್ರೆ?"

"ಹೌದು ಅಂದ್ರೆ ಬುದ್ಧಿ ಹೇಳೋಕೆ ಹೋಗಬೇಡಿ, ಕೇಳಿಸ್ಕೊಳ್ಳಿ. ಒಬ್ಬರನ್ನೇ ಬಿಟ್ಟು ಹೋಗಬೇಡಿ. ಅವರಿಗೆ ಬೇಕಾದೋರು ಯಾರಾದ್ರೂ ಇದ್ರೆ ಕರೆಸಿ. ಆಮೇಲೆ ಇಲ್ಲಿಗೆ ಕರ್ಕೊಂಡು ಬನ್ನಿ. ನಾಳೆ ಹೋಗಿ ಅಂತ ಚೀಟಿ ಬರೆದುಕೊಟ್ಟರೆ ಬರಲ್ಲ, ಜೊತೆಗೆ ನೀವೇ ಬನ್ನಿ. ನಾನು ಬರೋ ದಿನ ಅಲ್ಲದಿದ್ರೂ ಇಲ್ಲಿ ಯಾವತ್ತೂ ಒಬ್ಬ ಡಾಕ್ಟರಿರ್ತಾರೆ." ಆಮೇಲೆ ಕನ್ನಡಕ ಹಾಕಿಕೊಂಡು, "ನೀವು ಹೇಗಿದ್ದೀರಿ?" ಎಂದರು. ಅವತ್ತು ಆ ಕೋಣೆಯಲ್ಲಿ ಬಹಳ ಹೊತ್ತು ಕೂತಿದ್ದೆ.

ಅಷ್ಟು ಸುಲಭದ ಮಾತು. ಒಂದು ಫಾರಮ್ಮನ್ನು ಚಿಕ್ಕದು ಮಾಡಲು ನಾನು ವಾರಗಟ್ಟಲೆ ಕೂತಿದ್ದೆ. ಅದೇ ಊರಿನಲ್ಲಿ, ಕಾರ್ಖಾನೆಯಿಂದ ಎರಡು ಬೀದಿ ಆಚೆ, ಈ ಮಾತು ಖಾಲಿ ಬೆಂಚಿನ ಹಿಂದೆ ಬುಧವಾರ ಬುಧವಾರ ಕಾಯುತ್ತಿತ್ತು.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಮಹಡಿ ಹತ್ತಿ ಹಾಜರಿ ನೋಡುತ್ತಿದ್ದೆ. ಪಕ್ಕದಲ್ಲಿ ಯಾರೋ ಬಂದು ನಿಂತು, "ದಾರಿ ಬಿಡಿ ಸಾಮಿ" ಎಂದರು. ಬೆಚ್ಚಿ ತಿರುಗಿದೆ. ದಾಕ್ಷಾಯಿಣಕ್ಕ. ಕೈಯಲ್ಲಿ ಹತ್ತು ಹನ್ನೆರಡು ಕೊಡೆಗಳ ಹೊರೆಯಿತ್ತು. ಅಷ್ಟು ಭಾರ ಹೊತ್ತು ಹಲಗೆಯ ಮೇಲೆ ಹತ್ತು ಮಾರು ನಡೆದು ಬಂದಿದ್ದರು. ನಾನು ದಾರಿ ಬಿಟ್ಟೆ. ಅವರು ಹೋದರು. ಎಲ್ಲರೂ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದರು.

ಆವತ್ತೂ ನಾನು ತಕ್ಷಣ ಹೋಗಲಿಲ್ಲ. ಮೆಟ್ಟಿಲಿಳಿದು ಕೋಣೆಗೆ ಬಂದೆ. ಮಧ್ಯಾಹ್ನ ಕೇಳಿದರಾಯಿತು, ಊಟದ ಹೊತ್ತಿನಲ್ಲಿ ಜನ ಕಡಿಮೆ ಎಂದುಕೊಂಡೆ. ಹಾಗೆಂದುಕೊಂಡದ್ದೇ, ಓಬಳೇಶನಿಗೆ ಸೋಮವಾರ ಬನ್ನಿ ಎಂದದ್ದು ನೆನಪಾಯಿತು. ಎದ್ದೆ. ಮೇಲೆ ಹೋಗಿ ಅವರ ಯಂತ್ರದ ಪಕ್ಕ ನಿಂತು, "ದಾಕ್ಷಾಯಿಣಮ್ಮ, ಸ್ವಲ್ಪ ಬನ್ನಿ" ಎಂದೆ.

"ಲಾಳಕ್ಕಾ? ನಂಗೆ ಬ್ಯಾಡ."

"ಲಾಳಕ್ಕಲ್ಲ."

ನನ್ನ ಕೋಣೆಗೆ ಕರೆತಂದೆ. ಸ್ಟೂಲು ತೆಗೆದು ಕುರ್ಚಿ ಹಾಕಿದೆ. ಮೇಜಿನ ಆಚೆ ಕೂರಲು ಮನಸ್ಸಾಗದೆ ನಾನೂ ಈಚೆ ಬಂದು ಸ್ಟೂಲಿನ ಮೇಲೆ ಕೂತೆ. ಏನೇನೋ ಪೀಠಿಕೆ ಹಾಕಲು ಹೋಗಿ ಎರಡು ಸಲ ತೊದಲಿದೆ. ಕೊನೆಗೆ ಕೇಳಿದೆ:

"ಸಾಯೋ ಯೋಚನೆ ಬರ್ತಿದೆಯೇನಮ್ಮ?"

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಕಪಾಳಕ್ಕೆ ಹೊಡೆಯುತ್ತಾರೇನೋ ಅನಿಸಿತು. ಮೇಲೆ ಯಂತ್ರಗಳು ಓಡುತ್ತಿದ್ದವು.

"ಬರ್ತೈತೆ" ಎಂದರು. "ಹದಿನೈದು ಇಪ್ಪತ್ ದಿನದಿಂದ. ಬೆಳಿಗ್ಗೆ ಬಸ್ಸಿಳಿದು ಗೇಟಿನ ಹತ್ರ ಬರೋವಾಗ ಜಾಸ್ತಿ."

ನಾನು ಸುಮ್ಮನೆ ಕೂತೆ. ನನಗೆ ಗೊತ್ತಿದ್ದ ಸುಮ್ಮನಿರುವಿಕೆಯೇ, ಆದರೆ ಈ ಸಲ ಅವರ ಮುಖ ನೋಡುತ್ತ. ಅವರು ಮೆಲ್ಲಗೆ, ಬಿಟ್ಟು ಬಿಟ್ಟು ಹೇಳಿದರು. ಗಂಡ ತೀರಿದ ಮೇಲೆ ಮನೆಯಲ್ಲಿ ಒಬ್ಬರೇ. ಮಗಳು ಗಂಡನ ಮನೆಯಲ್ಲಿ. ಅದಕ್ಕೆಲ್ಲ ಹೊಂದಿಕೊಂಡಿದ್ದರಂತೆ. ಆದರೆ ತಲೆ ಎತ್ತಿದಾಗೆಲ್ಲ ಎದುರಿಗೆ ಆ ಮೇಜು. ಬಿಚ್ಚಿದ ಕೊಡೆ ಕಂಡರೆ ಅದರ ಹಿಂದೆ ಅವನೇ ಕೂತ ಹಾಗೆ. ಹೇಳಿಕೊಳ್ಳೋಣವೆಂದರೆ ಮಾತು ಅವನ ಕಡೆ ತಿರುಗುವ ಮೊದಲೇ ಎಲ್ಲರೂ ನೀರು ಕುಡಿಯಲು ಎದ್ದು ಹೋಗುತ್ತಾರೆ. ನಾನು ಇಡೀ ಹೊತ್ತು ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ, ಯಾವುದೂ ತೋಚಲಿಲ್ಲ. ಅವರಿಗೆ ಅದು ಬೇಕಾಗಿದ್ದಂತೆಯೂ ಕಾಣಲಿಲ್ಲ.

"ಈಗ ಆಸ್ಪತ್ರೆಗೆ ಹೋಗೋಣ, ನಾನೂ ಬರ್ತೀನಿ" ಎಂದೆ. "ನಿಮ್ಮೋರು ಯಾರನ್ನಾದ್ರೂ ಕರೆಸಲಾ?"

"ನೋಡಿದೋರು ಏನಂತಾರೆ?"

"ಡಿಗ್ರಿ ಸಾಮಿಗೆ ತಲೆ ಕೆಟ್ಟಿತ್ತು, ಆಸ್ಪತ್ರೆಗೆ ಬಿಡೋಕೆ ಹೋಗಿದ್ದೆ ಅಂತ ಹೇಳಿ."

ಅವರ ತುಟಿ ಸ್ವಲ್ಪ ಅಲುಗಿತು. "ಅದನ್ನ ಬೇಗ ನಂಬ್ತಾರೆ" ಎಂದರು. ಆಮೇಲೆ ತಮ್ಮ ಅಕ್ಕ ಕೆರೆ ಬೀದಿಯಲ್ಲಿದ್ದಾರೆ, ಹೇಳಿ ಕಳಿಸಿದರೆ ಬರುತ್ತಾರೆ ಎಂದರು. ಗೇಟಿನ ವಾಚ್‌ಮನ್‌ನನ್ನು ಸೈಕಲ್ಲಿನಲ್ಲಿ ಅಟ್ಟಿದೆ. ಪದ್ಮರಾಜಯ್ಯನವರು ಬಾಗಿಲಲ್ಲಿ ಒಮ್ಮೆ ಇಣುಕಿದರು, ನಮ್ಮಿಬ್ಬರನ್ನೂ ನೋಡಿದರು, ಏನೂ ಹೇಳದೆ ಬಾಗಿಲು ಮುಂದಕ್ಕೆಳೆದುಕೊಂಡು ಹೋದರು.

ಕಾಯುತ್ತ ಕೂತಾಗ ದಾಕ್ಷಾಯಿಣಕ್ಕ ಕೇಳಿದರು:

"ಅವನನ್ನೂ ಹಿಂಗೇ ಕೇಳಿದ್ರಾ ಸಾಮಿ?"

"ಇಲ್ಲಮ್ಮ."

"ಎರಡ್ ಸಲ ಬಂದಿದ್ದ ನಿಮ್ಮ ಹತ್ರ."

"ಹೌದು. ಎರಡು ಸಲ."

ಅವರು ತಮ್ಮ ಕೈಗಳನ್ನು ನೋಡಿಕೊಂಡರು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಹಳೆಯ ಕಲೆಗಳಿದ್ದವು. "ನನ್ ಎದುರಿಗೆ ದಿನಾ ಕೂತಿದ್ದ. ಆರಡಿ ದೂರ. ನಾನು ನಿಮ್ ಹತ್ರ ಓಡಿ ಬಂದೆ, ನೀವು ಓದ್ದೋರು ಕೇಳಿ ಅಂತ. ಒಂದ್ ಸಲ ಎದ್ದು ಆ ಕೊಡೆ ಪಕ್ಕಕ್ಕೆ ಸರಿಸಿ ನಾನೇ ಕೇಳ್ಬೋದಿತ್ತು" ಎಂದರು.

ಆಮೇಲೆ ಅವರೇ, ಅವನು ಒಂದು ಸಲ ಮ್ಯಾನೇಜರರ ಸ್ವಂತ ಕೊಡೆಯಲ್ಲಿ ಹದಿನಾಲ್ಕು ತೂತು ಹುಡುಕಿ, ಹಿಡಿಗೆ ನಾಪಾಸು ಚೀಟಿ ಕಟ್ಟಿ ಕಳಿಸಿದ್ದನ್ನು ಹೇಳಿದರು. ಅದು ನನಗೆ ಗೊತ್ತಿರಲಿಲ್ಲ. ಅವನು ಕಾಫಿಗೆ ಎಷ್ಟು ಬೆಲ್ಲ ಹಾಕಿಕೊಳ್ಳುತ್ತಿದ್ದ, ಕೊನೆಯ ದಿನಗಳಲ್ಲಿ ಹೇಗೆ ಕಾಫಿಯನ್ನೇ ಬಿಟ್ಟಿದ್ದ ಎಂದು ಹೇಳಿದರು. ನಾನು ಆ ಗುರುವಾರದ್ದನ್ನು ಹೇಳಿದೆ, ಆ ಶನಿವಾರದ್ದನ್ನೂ ಹೇಳಿದೆ, ಪೆನ್ನಿನ ಮುಚ್ಚಳ ಹುಡುಕಿದ್ದನ್ನು ಕೂಡ. ಅವರು ಅತ್ತರು. ಅತ್ತು, ಮೂಗೊರೆಸಿಕೊಂಡು, ಮತ್ತೆ ಹೇಳಿದರು. ಅವರ ಅಕ್ಕ ಬಂದು ಬಾಗಿಲು ತಟ್ಟುವವರೆಗೂ ನಾವು ಓಬಳೇಶನ ಮಾತನ್ನೇ ಆ ಕೋಣೆಯಲ್ಲಿ ಕೂತು ಆಡಿದೆವು, ಹೆಸರು ಹಿಡಿದು, ದನಿ ತಗ್ಗಿಸದೆ. ಅವನು ಹೋಗಿ ಏಳು ತಿಂಗಳಾಗಿತ್ತು. ಆ ಕಟ್ಟಡದಲ್ಲಿ ಅವನ ಹೆಸರು ಕೇಳಿಬಂದದ್ದು ಅದೇ ಮೊದಲು.